ಏಳನೇ ಕಾಲಂ

ಕಳೆದ ತಿಂಗಳು ನನ್ನ ಕಂಪ್ಯೂಟರ್ ತರಗತಿಗೆ ಬರುವ ಅಂಗನವಾಡಿ ಟೀಚರೊಬ್ಬರು ತಾವು ಮಾಡಿದ ಶೀಟೊಂದನ್ನು ತೆರೆದು ತೋರಿಸಿದರು. ಮಕ್ಕಳ ಪಟ್ಟಿ. ಮೇಲೆ ತಲೆಬರಹದ ಸಾಲು ಇರಲಿಲ್ಲ. ಮೊದಲ ಸಾಲೇ ಒಂದು ಮಗುವಿನ ಹೆಸರಿನಿಂದ ಶುರುವಾಗಿ ತಾರೀಖು, ಅಂಕಿ, ಇನ್ನೊಂದು ತಾರೀಖು, ಮತ್ತೊಂದು ಅಂಕಿ ಎಂದು ಬಲಕ್ಕೆ ಸಾಗಿತ್ತು. ಕೆಳಗೆ ಅಂಥವೇ ಹತ್ತಾರು ಸಾಲುಗಳು. ಈ ತಿಂಗಳು ಚುಚ್ಚುಮದ್ದು ಹಾಕಿಸಬೇಕಾದ ಮಕ್ಕಳನ್ನು ಮಾತ್ರ ಹೆಕ್ಕಿ ತೆಗೆಯುವ ಸೂತ್ರವನ್ನು ಅವರೇ ಬರೆದಿದ್ದರು. ಕಾಲಂಗೆ ಹೆಸರಿಲ್ಲದಿದ್ದರೆ ಎಣಿಸಿ ನಂಬರಿನಿಂದ ಕರೆಯಬಹುದು ಎಂದು ಹಿಂದಿನ ವಾರ ಹೇಳಿಕೊಟ್ಟವಳು ನಾನೇ. ಅವರ ಸೂತ್ರ ಏಳನೇ ಕಾಲಂ ಅನ್ನು ಕೇಳುತ್ತಿತ್ತು.

"ಏಳರಲ್ಲಿ ಏನಿದೆ?" ಎಂದು ಕೇಳಿದೆ.

"ಅದು ನನಗೆ ಗೊತ್ತಲ್ಲ ಟೀಚರ್, ಹಾಕಿದವಳೇ ನಾನು" ಎಂದು ಅವರು ನಕ್ಕರು.

ನನಗೆ ನಗಲಾಗಲಿಲ್ಲ. ಉಳಿದ ಪಾಠ ಏನು ಹೇಳಿದೆನೋ ನೆನಪಿಲ್ಲ... ಹನ್ನೆರಡು ವರ್ಷದ ಹಿಂದೆ ಇದೇ ಸುಲ್ತಾನ್ ಬತ್ತೇರಿಯಲ್ಲಿ, ಇಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಇದೇ ಮಾತನ್ನು ನಾನು ಒಬ್ಬರಿಗೆ ಹೇಳಿದ್ದೆ. ನಕ್ಕುಕೊಂಡೇ ಹೇಳಿದ್ದೆ.

ಅವರನ್ನು ನಾನು ಡ್ರೈವರಣ್ಣ ಎಂದು ಕರೆಯುತ್ತಿದ್ದೆ.

ಆ ಬಾಡಿಗೆ ಮನೆಯಲ್ಲಿ ಒಂದು ಪಾಲಿಯೇಟಿವ್ ಕ್ಲಿನಿಕ್ ಇತ್ತು. ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ. ಒಬ್ಬರು ಡಾಕ್ಟರಮ್ಮ, ಒಬ್ಬರು ಸಿಸ್ಟರ್, ಒಂದು ಹಳೆಯ ಜೀಪು, ಅದನ್ನು ಓಡಿಸಲು ಡ್ರೈವರಣ್ಣ. ಪೊನ್ಕುಳಿಯ ಕಡೆಯವರು, ಅವರ ಹಿರಿಯರು ಕರ್ನಾಟಕದ ಕಡೆಯಿಂದ ಬಂದು ಕಾಡಂಚಿನಲ್ಲಿ ಬೇಸಾಯಕ್ಕೆ ನಿಂತವರು. ನಮ್ಮಪ್ಪನೂ ಗುಂಡ್ಲುಪೇಟೆಯ ಕಡೆಯಿಂದ ಬಂದು ಬತ್ತೇರಿಯಲ್ಲಿ ದಿನಸಿ ಅಂಗಡಿ ಹಾಕಿದವರು. ಡ್ರೈವರಣ್ಣ ನಮ್ಮ ಅಂಗಡಿಗೆ ಬಂದರೆ ಸಾಮಾನು ಕಟ್ಟಿಸಿಕೊಂಡ ಮೇಲೂ ಹತ್ತು ನಿಮಿಷ ನಿಲ್ಲುತ್ತಿದ್ದರು, ಕನ್ನಡ ಮಾತಾಡುವುದಕ್ಕೆಂದೇ.

ಯಾವ ರೋಗಿಯ ಮನೆಗೆ ಯಾವಾಗ ಹೋಗಬೇಕು ಎಂಬುದೆಲ್ಲ ಅವರ ಒಂದು ನೋಟ್‌ಬುಕ್ಕಿನಲ್ಲಿತ್ತು. ಪುಟದ ತುಂಬ ಸ್ಕೇಲಿಟ್ಟು ಎಳೆದ ಉದ್ದ ಗೆರೆಗಳು, ಗೆರೆಗಳ ನಡುವೆ ಅವರ ದುಂಡನೆಯ ಕನ್ನಡ ಅಕ್ಷರ. ಯಾವ ಗೆರೆಯ ಮೇಲೂ ಇದು ಇಂಥದ್ದು ಎಂದು ಬರೆದಿರಲಿಲ್ಲ. ಡಾಕ್ಟರಮ್ಮನಿಗೆ ಕನ್ನಡ ಬಾರದು. "ನೀವು ಒಂದು ದಿನ ಬರದಿದ್ದರೆ ಈ ಕ್ಲಿನಿಕ್ಕಿಗೆ ಕಣ್ಣೇ ಇಲ್ಲ" ಎಂದು ಅವರು ಗೊಣಗಿದಾಗ ಡ್ರೈವರಣ್ಣನೇ ನನ್ನ ಸುದ್ದಿ ಎತ್ತಿದರಂತೆ. ಅಂಗಡಿಯವರ ಮಗಳು ಒಬ್ಬಳಿದ್ದಾಳೆ, ಕನ್ನಡ ಓದುತ್ತಾಳೆ, ಮಲಯಾಳಂ ಬರೆಯುತ್ತಾಳೆ, ಕಂಪ್ಯೂಟರ್ ಕಲಿತಿದ್ದಾಳೆ ಎಂದು. ಹಾಗೆ ನನಗೆ ನನ್ನ ಮೊದಲ ಕೆಲಸ ಸಿಕ್ಕಿತು.

ಒಂದು ವಾರ ಅವರು ನನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಓದಿಸಿದರು. ಮೊದಲನೆಯದು ಹೆಸರು. ಎರಡನೆಯದು ಊರು. ಮೂರು ಕಾಯಿಲೆ. ನಾಲ್ಕು ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದು. ಐದು ಹಿಂದೆ ಹೋದ ದಿನ. ಆರು ಮುಂದೆ ಹೋಗಬೇಕಾದ ದಿನ. ಏಳನೆಯದು, ಮೂತ್ರದ ಟ್ಯೂಬ್ ಹಾಕಿದವರಿಗೆ ಅದನ್ನು ಬದಲಾಯಿಸಬೇಕಾದ ದಿನ. ನಾನು ಹಾಗೆಯೇ ಮಲಯಾಳಂನಲ್ಲಿ ಶೀಟಿಗೆ ಇಳಿಸಿದೆ. ನೋಟ್‌ಬುಕ್ಕಿನಲ್ಲಿ ತಲೆಬರಹ ಇರಲಿಲ್ಲ, ನನ್ನ ಶೀಟಿನಲ್ಲೂ ಇರಲಿಲ್ಲ.

ಮುಗಿದ ದಿನ ಅವರು ಪರದೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಮೇಲ್ಗಡೆ ಒಂದೊಂದ್ ಹೆಸ್ರು ಬರ್ದ್ಬುಡು ಕೂಸೇ. ನನ್ಗೇನೋ ಅಭ್ಯಾಸ ಅದ. ಬೇರೆಯವ್ರ್ಗ ಏಳ್ರಲ್ಲಿ ಏನದ ಅಂತ ಹೆಂಗ್ ಗೊತ್ತಾಗದು?"

"ನನಗೆ ಗೊತ್ತಲ್ಲ ಅಣ್ಣ, ಹಾಕಿದವಳೇ ನಾನು" ಎಂದೆ.

ನನಗೆ ಇಪ್ಪತ್ಮೂರು ವರ್ಷ. ಸೋಮವಾರ ಬೆಳಿಗ್ಗೆ ಸೂತ್ರ ಒತ್ತಿದರೆ ಆ ವಾರದ ಮನೆಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತಿದ್ದವು. ಆರನೇ ಕಾಲಂ ಕೇಳಿದರೆ ಭೇಟಿಯ ಪಟ್ಟಿ, ಮೂರರಲ್ಲಿ ಟ್ಯೂಬ್ ಎಂದಿದ್ದವರನ್ನಷ್ಟೇ ಹೆಕ್ಕಿ ಏಳನೇ ಕಾಲಂ ಕೇಳಿದರೆ ಟ್ಯೂಬಿನ ಪಟ್ಟಿ. ಎರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಡ್ರೈವರಣ್ಣನ ಕೈಗೆ ಕೊಡುತ್ತಿದ್ದೆ. ಅವರು ಮಲಯಾಳಂ ಅಕ್ಷರಗಳ ಕೆಳಗೆ ಬೆರಳು ಎಳೆಯುತ್ತ ನಿಧಾನವಾಗಿ ಓದಿಕೊಂಡು, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದರು. ವಾರದ ಕೊನೆಗೆ ಹೋದ ಮನೆಗಳಿಗೆಲ್ಲ ಗೀಟು ಹಾಕಿ ಆ ಹಾಳೆಯನ್ನು ನನಗೇ ಹಿಂತಿರುಗಿಸುತ್ತಿದ್ದರು. ನೋಟ್‌ಬುಕ್ಕು ಎಲ್ಲಿ ಹೋಯಿತೋ, ನಾನು ಕೇಳಲೂ ಇಲ್ಲ.

ಅಷ್ಟರಲ್ಲಿ ಯಾರೋ ಕ್ಲಿನಿಕ್ ನಡೆಸುವ ಕಮಿಟಿಯವರಿಗೆ ದೂರು ಹೇಳಿದ್ದರು: ಡ್ರೈವರ್ ಪೊನ್ಕುಳಿ ಕಡೆ ಹೋದಾಗ ಜೀಪನ್ನು ತನ್ನ ಮನೆಯ ಮುಂದೆ ನಿಲ್ಲಿಸುತ್ತಾನೆ ಎಂದು. ಊಟಕ್ಕೆ ಕಾಲು ಗಂಟೆ ನಿಂತಿದ್ದಿರಬಹುದು. ಇನ್ನು ಮುಂದೆ ಪಟ್ಟಿಯಲ್ಲಿಲ್ಲದ ಕಡೆ ಗಾಡಿ ಹೋಗಕೂಡದು ಎಂದು ಡಾಕ್ಟರಮ್ಮ ಹೇಳಿದರು. ಡ್ರೈವರಣ್ಣ ಸರಿ ಎಂದರು. ಆಮೇಲೆ ಸ್ವಂತ ಊರಿನ ಮುಂದೆ ಹಾದು ಹೋದರೂ ಇಳಿಯುತ್ತಿರಲಿಲ್ಲ ಎಂದು ಸಿಸ್ಟರ್ ಹೇಳುತ್ತಿದ್ದರು.

ಆ ಮಳೆಗಾಲ ಕಳೆದ ಮೇಲೆ ಡಾಕ್ಟರಮ್ಮ ಎಲ್ಲ ರೋಗಿಗಳ ಫೋನ್ ನಂಬರನ್ನೂ ಶೀಟಿಗೆ ಹಾಕು ಎಂದರು. ನೋಡಿಕೊಳ್ಳುವವರ ಹೆಸರಿನ ಪಕ್ಕದಲ್ಲೇ ಇರಲಿ ಎಂದು ನಾಲ್ಕನೆಯದರ ಬಲಕ್ಕೆ ಒಂದು ಹೊಸ ಕಾಲಂ ತೂರಿಸಿದೆ. ಅದರಾಚೆಯ ತಾರೀಖುಗಳೆಲ್ಲ ಒಂದೊಂದು ಕಾಲಂ ಬಲಕ್ಕೆ ಸರಿದವು. ಐದು ಆರಾಯಿತು, ಆರು ಏಳಾಯಿತು, ಏಳು ಎಂಟಾಯಿತು. ಸೂತ್ರದೊಳಗೆ ನಾನು ಬರೆದಿದ್ದ ಅಂಕಿ ಮಾತ್ರ ಸರಿಯಲಿಲ್ಲ. ಅದು ಏಳು ಎಂದರೆ ಏಳನ್ನೇ ನೋಡುತ್ತದೆ, ಅಲ್ಲಿ ಈಗ ಏನಿದೆ ಎಂದು ಕೇಳುವುದಿಲ್ಲ. ಭೇಟಿಯ ಸೂತ್ರ ಆ ಸೋಮವಾರವೇ ಏನೇನೋ ತೋರಿಸಿದ್ದರಿಂದ ಅದನ್ನು ತಿದ್ದಿದೆ. ಟ್ಯೂಬಿನದು ಸರಿಯಾಗಿಯೇ ಕಂಡಿತು. ಅದು ಈಗ ಟ್ಯೂಬಿನ ದಿನದ ಬದಲು ಭೇಟಿಯ ದಿನವನ್ನು ನೋಡುತ್ತಿತ್ತು, ಹೆಚ್ಚಿನವರಿಗೆ ಎರಡೂ ಒಂದೇ ವಾರದಲ್ಲಿ ಬೀಳುತ್ತಿದ್ದವು. ಹಾಗಾಗಿ ಹೆಸರುಗಳು ಬರುತ್ತಲೇ ಇದ್ದವು.

ಪೊನ್ಕುಳಿಯಾಚೆಯ ಒಂದು ಮನೆಗೆ ಮಾತ್ರ ಅವು ಬೇರೆ ಬೇರೆ ವಾರದಲ್ಲಿದ್ದವು. ದೂರವೆಂದು ಅಲ್ಲಿಗೆ ಭೇಟಿಯನ್ನು ತಡವಾಗಿ ಇಟ್ಟಿದ್ದರು. ಟ್ಯೂಬಿನ ದಿನ ಅದಕ್ಕೆ ಬಹಳ ಮೊದಲೇ ಬರುತ್ತಿತ್ತು. ಆ ಮನೆಯವನು ಮೆಣಸು ಕೊಯ್ಯಲು ಮರ ಹತ್ತಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವನು. ಡ್ರೈವರಣ್ಣನ ಪಕ್ಕದ ಊರು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ, ಹೊಸ ಕಾಲಂನಲ್ಲಿ ಅವರ ಜಾಗ ಖಾಲಿಯೇ ಉಳಿದಿತ್ತು.

ಅವನ ಟ್ಯೂಬಿನ ವಾರ ಬಂದ ಸೋಮವಾರ ಡ್ರೈವರಣ್ಣ ಹಾಳೆಯನ್ನು ಎರಡು ಸಲ ಓದಿದರು.

"ಕೂಸೇ, ಪೊನ್ಕುಳಿ ಮನೆ ಇಲ್ವಲ್ಲ? ಟ್ಯೂಬ್ ಬದ್ಲಾಯ್ಸಾಕ ಈ ವಾರ ಹೋಗ್ಬೇಕು."

"ಲಿಸ್ಟಲ್ಲಿಲ್ಲ ಅಂದ್ರೆ ಇಲ್ಲ ಅಣ್ಣ."

"ಆದ್ರ ನನ್ ಲೆಕ್ಕದಾಗ ಈ ವಾರನೇ..."

"ನಿಮ್ಮ ಲೆಕ್ಕ ಬಿಡಿ. ನಾವು ಮರೀಬಹುದು, ಕಂಪ್ಯೂಟರ್ ಮರೆಯಲ್ಲ."

ಅವರು ಹೋದರು. ಟ್ಯೂಬ್ ಬದಲಾಯಿಸುವುದು ಸಿಸ್ಟರ್ ಕೆಲಸ, ಪಟ್ಟಿಯಲ್ಲಿಲ್ಲದ ಮನೆಗೆ ಅವರನ್ನು ಕರೆದೊಯ್ಯುವಂತಿರಲಿಲ್ಲ. ಮುಂದಿನ ಸೋಮವಾರ ಮತ್ತೆ ಬಂದು ನನ್ನ ಮೇಜಿನ ಮುಂದೆ ನಿಂತರು. "ಒಂದ್ಸಲ ಸರಿಯಾಗಿ ನೋಡವ್ವ. ಅವ್ನ್ಗ ವಾರ ಮೀರ್ತು." ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ಸಿಸ್ಟರ್ ಬಾಗಿಲಲ್ಲಿ ಔಷಧಿಯ ಚೀಲ ಹಿಡಿದು ಕಾಯುತ್ತಿದ್ದರು. ಅವರಿಗೆ ಕನ್ನಡ ತಿಳಿಯದು. ನನಗೆ ರೇಗಿತು. ನನ್ನ ಕೆಲಸವನ್ನು ಈ ಮನುಷ್ಯ ಪರೀಕ್ಷೆ ಮಾಡುತ್ತಿದ್ದಾರೆ ಎನ್ನಿಸಿತು. ತೆರೆದು ನೋಡಿದ್ದರೆ ಎರಡು ನಿಮಿಷದ ಕೆಲಸ. ನೋಡಲಿಲ್ಲ.

"ಹೀಗೆ ದಿನಾ ಕೇಳ್ತಾ ಇದ್ರೆ, ಮನೆ ಕಡೆ ಗಾಡಿ ತಗೊಂಡ್ ಹೋಗೋಕೆ ನಿಮಗೊಂದು ನೆಪ ಬೇಕು ಅಂತ ಜನ ಅಂದ್ಕೋತಾರೆ" ಎಂದೆ.

ಅವರ ಮುಖ ಹೇಗಾಯಿತು ಎಂದು ಬರೆಯಲು ನನಗೆ ಆಗುವುದಿಲ್ಲ. ಆ ದೂರಿನ ವಿಷಯ ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಮೂರನೇ ಸೋಮವಾರ ಏನೂ ಕೇಳಲಿಲ್ಲ.

ಆ ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸು ಕ್ಲಿನಿಕ್ಕಿನೊಳಗೆ ಬಂದಳು. ಮೈಸೂರಿನಿಂದ ಬರುವ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಬಂದಿದ್ದಳು. ಪೊನ್ಕುಳಿಯವನ ಹೆಂಡತಿ. ಟ್ಯೂಬ್ ಮುಚ್ಚಿಕೊಂಡು ಮೂತ್ರ ಕಟ್ಟಿ ಗಂಡನಿಗೆ ಮೂರು ದಿನದಿಂದ ಚಳಿ ಜ್ವರ, ಮಾತು ತೊದಲುತ್ತಿದೆ, ಬೆಳಿಗ್ಗೆ ಅಕ್ಕಪಕ್ಕದವರು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಬತ್ತೇರಿಯ ಆಸ್ಪತ್ರೆಗೆ ತಂದಿದ್ದಾರೆ, ಜೀಪಿನಲ್ಲಿ ತನಗೆ ಜಾಗ ಇರಲಿಲ್ಲ ಎಂದು ಡಾಕ್ಟರಮ್ಮನಿಗೆ ಮಲಯಾಳಂನಲ್ಲಿ ಹೇಳಿದಳು. ಆಮೇಲೆ ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದಳು, "ಗಾಡಿ ಯಾಕವ್ವ ಬರ್ನಿಲ್ಲ? ನಾನು ದಿನಾ ರೋಡ್‌ಗಂಟ ಬಂದು ನಿಂತ್ಕತಿದ್ದಿ."

ಡಾಕ್ಟರಮ್ಮ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದರು. ನಾನು ಶೀಟು ತೆರೆದೆ. ಕಾಲಂಗಳನ್ನು ಎಡದಿಂದ ಎಣಿಸುತ್ತ ಬಂದಾಗ ಏಳಕ್ಕೆ ನನ್ನ ಬೆರಳು ನಿಂತಿತು. ಎರಡು ನಿಮಿಷವೂ ಬೇಕಾಗಲಿಲ್ಲ. ಏಳನ್ನು ಅಳಿಸಿ ಎಂಟು ಎಂದು ಬರೆದೆ, ಡ್ರೈವರಣ್ಣ ಮೊದಲು ಕೇಳಿದ ಸೋಮವಾರದ ತಾರೀಖು ಕೊಟ್ಟೆ. ಅವನ ಹೆಸರು ಪಟ್ಟಿಯ ನಡುವೆ ಬಂದು ನಿಂತಿತು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ತಪ್ಪು ಯಾರಿಗಾದರೂ ಆಗುತ್ತದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನಾನು ಆ ತಿದ್ದಿದ ಪಟ್ಟಿಯನ್ನು ಪ್ರಿಂಟ್ ತೆಗೆದೆ.

ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರಮ್ಮ ಬಂದರು. ಜೀವಕ್ಕೆ ಅಪಾಯ ಕಳೆದಿಲ್ಲ, ಸೋಂಕು ಕಿಡ್ನಿಗೆ ಹೋಗಿದೆ ಎಂದರು. ಡ್ರೈವರಣ್ಣನನ್ನು ಕರೆಸಿದರು. ಯಾಕೆ ಹೋಗಲಿಲ್ಲ ಎಂದು ಕೇಳಿದರು. ಅವರು ತಮ್ಮ ಒಡಕು ಮಲಯಾಳಂನಲ್ಲಿ, ಲಿಸ್ಟಲ್ಲಿ ಇರಲಿಲ್ಲ ಎಂದರು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಲಿಸ್ಟಲ್ಲಿ ಇಲ್ಲವಾ?"

"ಇದೆ ಡಾಕ್ಟರ್" ಎಂದು ಹಾಳೆ ಕೊಟ್ಟೆ.

ಇತ್ತು ಎನ್ನಲಿಲ್ಲ, ಇದೆ ಎಂದೆ. ಸುಳ್ಳು ಹೇಳಿಲ್ಲ ಎಂದು ಎಷ್ಟೋ ವರ್ಷ ಆ ಒಂದು ಮಾತಿನ ಹಿಂದೆ ಅವಿತುಕೊಂಡಿದ್ದೆ...

ಡಾಕ್ಟರಮ್ಮ ಹಾಳೆಯನ್ನು ಡ್ರೈವರಣ್ಣನ ಮುಂದಿಟ್ಟರು. ಅವರು ಬೆರಳು ಎಳೆಯುತ್ತ ಓದಿದರು. ಬೆರಳು ಆ ಹೆಸರಿನ ಕೆಳಗೆ ಬಂದು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಏನೋ ಹೇಳುತ್ತಾಳೆ ಎಂದು ಕಾಯುವವರಂತೆ. ನಾನು ಕೀಬೋರ್ಡನ್ನು ನೋಡುತ್ತ ಕೂತೆ. ಎರಡು ಸಲ ಈ ಹುಡುಗಿಯನ್ನು ಕೇಳಿದ್ದೆ ಎಂದು ಅವರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದು ನನಗೆ ಇವತ್ತಿಗೂ ತಿಳಿಯದು. ನಾನೇ ಹೇಳಲಿ ಎಂದಿತ್ತೋ, ಹೇಳಿದರೂ ಯಾರೂ ನಂಬುವುದಿಲ್ಲ ಎನ್ನಿಸಿತೋ.

ಅದಕ್ಕೂ ಮೊದಲಿನ ತಿಂಗಳು ಅದೇ ದಾರಿಯಲ್ಲಿ ಒಂಟಿ ಸಲಗ ನಿಂತಿದ್ದಕ್ಕೆ ಅವರು ಒಂದು ಸಲ ಗಾಡಿ ತಿರುಗಿಸಿಕೊಂಡು ಬಂದಿದ್ದರು. ಆನೆಗೆ ಹೆದರಿ ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ಮರುದಿನ ಕಮಿಟಿಯವರು, ಇನ್ನು ಗಾಡಿ ಬೇರೆಯವರು ಓಡಿಸಲಿ ಎಂದರು.

ಕೀಲಿ ಕೊಡಲು ಬಂದವರು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಈಗ ಕೇಳುತ್ತಾರೆ ಎಂದುಕೊಂಡೆ.

"ಹೊಸಾ ಡ್ರೈವರ್ಗ ಮನೆಗಳು ಗೊತ್ತಾಗದಿಲ್ಲ" ಎಂದರು. "ಗುರ್ತು ಹೇಳ್ತೀನಿ, ಬರ್ಕೊ. ಇಲ್ದಿದ್ರ ಕಾಯಿಲೆಯೋರು ಕಾಯ್ಕಂಡ್ ಕೂತ್ಕಬೇಕಾಯ್ತದ."

ಒಂದು ಗಂಟೆ ಹೇಳಿದರು, ನಾನು ಟೈಪ್ ಮಾಡಿದೆ. ಹಲಸಿನ ಮರದ ಎಡಕ್ಕೆ. ಮುರಿದ ಮೋರಿ ದಾಟಿ ಮೂರನೇ ಮನೆ. ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಈ ಮನೆಯಲ್ಲಿ ಮುದುಕಿಗೆ ಕಿವಿ ಕೇಳದು, ಹಿಂದಿನ ಬಾಗಿಲಿಗೆ ಹೋಗಬೇಕು. ಪೊನ್ಕುಳಿಯ ಮನೆ ಬಂದಾಗ ಕೈಯಲ್ಲಿದ್ದ ಕೀಲಿಯನ್ನು ಮೇಜಿನ ಮೇಲಿಟ್ಟು, "ದೇವಸ್ಥಾನ ದಾಟುದ್ ಮೇಲೆ ಬಲಕ್ಕ, ಗದ್ದೆ ಬದಿ ದಾರಿ" ಎಂದರು. ಹೊರಡುವಾಗ ಪರದೆಯ ಮೇಲ್ಭಾಗವನ್ನೊಮ್ಮೆ ನೋಡಿದರು. ಅಲ್ಲಿ ಆಗಲೂ ತಲೆಬರಹ ಇರಲಿಲ್ಲ. ಎದ್ದು ಹೋದರು.

ಅವರು ಮೊದಲು ಹಿಂತಿರುಗಿಸಿದ್ದ ಹಾಳೆಗಳು, ಗೀಟು ಹಾಕಿದ ನಿಜವಾದ ಪಟ್ಟಿಗಳು, ನನ್ನ ಡ್ರಾಯರಿನಲ್ಲೇ ಇದ್ದವು. ಹರಿದು ಹಾಕಿದೆ.

ಪೊನ್ಕುಳಿಯವನು ಬದುಕಿಕೊಂಡ. ಆಸ್ಪತ್ರೆಯಲ್ಲಿ ತಿಂಗಳ ಮೇಲಾಯಿತು, ಒಂದು ಕಿಡ್ನಿ ಕೆಟ್ಟಿತು. ನಾನು ಆ ಕ್ಲಿನಿಕ್ಕಿನಲ್ಲಿ ಇನ್ನೂ ಎರಡು ವರ್ಷ ಇದ್ದೆ. ಒಳ್ಳೆಯ ಕೆಲಸಗಾರ್ತಿ ಎಂದು ಹೆಸರು ಪಡೆದೆ. ಮದುವೆಯಾಯಿತು, ಈ ತರಗತಿ ಶುರುಮಾಡಿದೆ. ಡ್ರೈವರಣ್ಣ ಬೇರೆ ಎಲ್ಲೂ ಗಾಡಿ ಓಡಿಸಲಿಲ್ಲವಂತೆ. ಇದ್ದ ತುಂಡು ಜಮೀನಿನಲ್ಲೇ ಉಳಿದರು. ಒಂದು ಸಲ ಬತ್ತೇರಿಯ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕರು. "ಅಪ್ಪ ಚೆನ್ನಾಗವ್ರ ಕೂಸೇ?" ಎಂದರು. ಚೆನ್ನಾಗಿದ್ದಾರೆ ಎಂದೆ. ನಿಂತರು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಏನೋ ತಳ್ಳುತ್ತಿತ್ತು... ನನ್ನ ಬಸ್ಸು ಬಂತು ಎಂದೆ. ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಅವರು ಹೃದಯ ನಿಂತು ಹೋದರು ಎಂಬ ಸುದ್ದಿ ಅಪ್ಪನ ಅಂಗಡಿಗೆ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸಮಾಧಾನ. ಅದನ್ನು ಬರೆಯದೆ ಬಿಟ್ಟರೆ ಇದೂ ಇನ್ನೊಂದು ತಿದ್ದಿದ ಪಟ್ಟಿಯಾಗುತ್ತದೆ.

ಅಂಗನವಾಡಿ ಟೀಚರರ ಶೀಟು ನೋಡಿದ ಆ ವಾರದ ಭಾನುವಾರ ನಾನು ಪೊನ್ಕುಳಿಗೆ ಹೋದೆ. ಡ್ರೈವರಣ್ಣನ ಹೆಂಡತಿ ಅಂಗಳದಲ್ಲಿ ಕಾಫಿ ಬೀಜ ಹರವಿ ಕಾಲಿನಿಂದ ತಿರುವುತ್ತಿದ್ದರು. ಅಂಗಡಿಯವರ ಮಗಳು ಎಂದೆ, ಗುರುತು ಹಿಡಿದರು. ನಿಂತಲ್ಲೇ ಎಲ್ಲ ಹೇಳಿದೆ. ಕೂತು ಹೇಳುವ ಧೈರ್ಯ ಇರಲಿಲ್ಲ. ಅವರ ಕಾಲು ನಿಂತುಹೋಯಿತು, ಮುಖ ಎತ್ತಲಿಲ್ಲ.

"ಲಿಸ್ಟಲ್ಲಿ ಇರ್ನಿಲ್ಲ ಅಂತ ನನ್ಗ ಒಂದೇ ಸಲ ಹೇಳಿದ್ರು" ಎಂದರು. "ನಿನ್ ಹೆಸ್ರ ಎತ್ನಿಲ್ಲ. ನಾನು ನಂಬಿದ್ದಿ. ಊರು ನಂಬ್ನಿಲ್ಲ. ಆ ಕಾಯಿಲೆಯವ್ನ್ ಮನೆ ಮುಂದಿನ್ ದಾರಿ ಬುಟ್ಟು ಗದ್ದೆ ಸುತ್ಕಂಡು ಹೋಗ್ತಿದ್ರು, ಸಾಯಗಂಟ."

"ಕ್ಷಮಿಸಿ ಅಕ್ಕ" ಎಂದೆ.

"ನನ್ಗ ಯಾಕ ಹೇಳ್ತಿಯೆ? ಅಲ್ಲಿಗ್ ಹೋಗಿ ಹೇಳು." ಕೈಯಲ್ಲಿ ಗದ್ದೆಯಾಚೆ ತೋರಿಸಿದರು. ಒಳಗೆ ಬಾ ಎನ್ನಲಿಲ್ಲ.

ಹೋದೆ. ಅವನು ಜಗಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಇಬ್ಬರಿಗೂ ಹೇಳಿದೆ. ಶೀಟು, ಕಾಲಂ, ಸೂತ್ರ ಎಂದೆಲ್ಲ ಶುರುಮಾಡಿ ಅರ್ಧಕ್ಕೇ ಬಿಟ್ಟೆ. ತಪ್ಪು ನನ್ನದು, ಅವರು ಎರಡು ಸಲ ಕೇಳಿದರು, ನಾನು ಬೈದು ಕಳಿಸಿದೆ, ಆಮೇಲೆ ಸುಳ್ಳು ಹಾಳೆ ಕೊಟ್ಟೆ ಎಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಅವನು ನನ್ನನ್ನು ಬೈಯುತ್ತಾನೆ ಎಂದು ಕಾದೆ. ಬೈದರೆ ಚೆನ್ನಾಗಿರುತ್ತಿತ್ತು.

ಅವನು ಮೆಟ್ಟಿಲ ಕಡೆ ನೋಡುತ್ತ ಹೇಳಿದ, "ಆಸ್ಪತ್ರೆಯಿಂದ ಬಂದ್ ವಾರ ಡ್ರೈವರಣ್ಣ ಬಂದಿದ್ದ. ಕಿತ್ಳೆಹಣ್ಣು ತಂದು ಅಲ್ಲೇ ನಿಂತ್ಕಂಡ. ನಾನು ಮೊಕ ಗ್ವಾಡೆ ಕಡೆ ತಿರುಗ್ಸಿ ಮನಿಕಂಡಿ. ಹಣ್ಣ ಇಟ್ಬುಟ್ಟು ಹೋದ."

ನಾನು ನಿಂತಿದ್ದದ್ದೂ ಆ ಮೆಟ್ಟಿಲ ಮೇಲೇ, ಒಂದು ಹೆಜ್ಜೆ ಕೆಳಗಿಳಿದೆ.

"ನೀ ಬಂದು ನನ್ಗ ಹೇಳ್ದೆ" ಎಂದ. "ನಾ ಯಾರ್ಗ ಹೋಗಿ ಹೇಳ್ಲವ್ವ ಈಗ?"

ಡ್ರೈವರಣ್ಣನೊಬ್ಬರನ್ನಲ್ಲ, ಮುಖ ತಿರುಗಿಸಿದ ಇವನನ್ನೂ ತಪ್ಪಿತಸ್ಥನನ್ನಾಗಿ ಮಾಡಿದ್ದೆ ಎಂದು ಆಗ ತಿಳಿಯಿತು. ದೇವಸ್ಥಾನದೆದುರು ಹೋಗಿ ಬತ್ತೇರಿಯ ಬಸ್ಸು ಹತ್ತಿದೆ.

ಮೊನ್ನೆ ಆ ಕಡೆಯವರೊಬ್ಬರು ಅಪ್ಪನ ಅಂಗಡಿಗೆ ಬಂದಿದ್ದರು. ಹಿಂದಿನ ದಿನ ನಾಲ್ಕು ಜನ ಸೇರಿ ಅವನನ್ನು ಕುರ್ಚಿ ಸಮೇತ ಎತ್ತಿ, ಗದ್ದೆಯ ಬದುವಿನ ಮೇಲೆ ಹೊತ್ತುಕೊಂಡು ಡ್ರೈವರಣ್ಣನ ಮನೆಗೆ ಹೋದರಂತೆ. ಅವರ ಹೆಂಡತಿ ಅಂಗಳದಲ್ಲಿ ಕಾಫಿ ಬದಿಗೆ ಗುಡಿಸಿ ಜಾಗ ಮಾಡಿಕೊಟ್ಟರಂತೆ. ಏನು ಮಾತಾಡಿದರು ಎಂದು ಸುದ್ದಿ ತಂದವರಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಕೂತಿದ್ದರು ಎಂದಷ್ಟೇ ಹೇಳಿದರು.

ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಹೇಳಬೇಕಾದವರೆಲ್ಲ ಕೊನೆಗೆ ಹೇಳಿದೆವು. ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರಲಿಲ್ಲ.